ಸ್ಪಷ್ಟನೆ: ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಶಕ್ತಿ ಇಲ್ಲ

‘ಸುಸ್ತಾದರೆ ದಿನಕ್ಕೆರಡು ಬಿ ಕಾಂಪ್ಲೆಕ್ಸ್ ನುಂಗಿ, ಜೀವಕೋಶಕ್ಕೆ ನೇರ ಶಕ್ತಿ ಸಿಗುತ್ತದೆ, ಹೆಚ್ಚಾದರೂ ತೊಂದರೆಯಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಮ್ಮ ಅತ್ತೆಯವರಿಗೂ ಬಂದಿತ್ತು, ಅವರು ನಂಬಿಯೂ ಇದ್ದರು.

ಈ ಮಾತ್ರೆಯಲ್ಲಿರುವುದು ಬಿ1, ಬಿ2 ಮುಂತಾದ ಬಿ ಗುಂಪಿನ ವಿಟಮಿನ್‌ಗಳು. ವಿಟಮಿನ್‌ನಿಂದ ಕ್ಯಾಲರಿ ಸಿಗುವುದಿಲ್ಲ. ಶಕ್ತಿ ಬರುವುದು ಅನ್ನ, ಮುದ್ದೆ, ಬೇಳೆ, ಎಣ್ಣೆಯಿಂದ. ಅದನ್ನು ಬಿಡಿಸಿಕೊಡುವ ಕಿಣ್ವಗಳಿಗೆ (ದೇಹದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನ್‌ಗಳಿಗೆ) ವಿಟಮಿನ್ ಜೊತೆಗಾರ, ಅಷ್ಟೇ. ಉಂಡ ಅನ್ನ ಗ್ಲೂಕೋಸ್ ಆಗಿ, ಕೋಶದೊಳಗೆ ಒಡೆದು ಪೈರುವೇಟ್ ಎಂಬ ಚಿಕ್ಕ ಅಣುವಾಗುತ್ತದೆ. ಅಲ್ಲಿಂದ ಮುಂದಕ್ಕೆ ಸಾಗಿಸುವುದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿರುವ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಅದಕ್ಕೆ ಬಿ1, ಬಿ2, ಬಿ3, ಬಿ5 ಈ ನಾಲ್ಕರಿಂದಲೂ ತಯಾರಾದ ಸಹಕಿಣ್ವಗಳು, ಅಂದರೆ ಕಿಣ್ವಕ್ಕೆ ನೆರವಾಗುವ ಅಣುಗಳು, ಬೇಕು. ಬಿ1 ಇಲ್ಲದಿದ್ದರೆ ಪೈರುವೇಟ್ ಅಲ್ಲೇ ಶೇಖರವಾಗಿ, ಅದರಿಂದಾಗುವ ಲ್ಯಾಕ್ಟೇಟ್ ಹೆಚ್ಚುತ್ತದೆ. ನರ, ಹೃದಯ ಸೊರಗುತ್ತವೆ. ಅದೇ ಬೆರಿಬೆರಿ ಕಾಯಿಲೆ. 1890ರ ದಶಕದಲ್ಲಿ ಇಂದಿನ ಇಂಡೋನೇಷ್ಯಾದ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಅವರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತದ್ದನ್ನೂ, ಪಾಲಿಶ್ ಮಾಡದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡದ್ದನ್ನೂ ಕಂಡಿದ್ದರು. ಪಾಲಿಶ್ ಮಾಡುವಾಗ ತೌಡಿನ ಜೊತೆ ಬಿ1 ಹೊರಟುಹೋಗುತ್ತದೆ.

ಕೊರತೆ ಇದ್ದವರಿಗೆ ಈ ಮಾತ್ರೆ ನಿಜಕ್ಕೂ ಬೇಕು. ಸಾಕಷ್ಟು ಇರುವವರಲ್ಲಿ ಇನ್ನಷ್ಟು ಸುರಿದರೆ ಕಿಣ್ವದ ವೇಗವೇನೂ ಹೆಚ್ಚುವುದಿಲ್ಲ. ಮಾತ್ರೆ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾಗುತ್ತದಲ್ಲ, ಅದು ಹೊರಹೋಗುತ್ತಿರುವ ಬಿ2. ‘ಹೆಚ್ಚಾದರೂ ತೊಂದರೆಯಿಲ್ಲ’ ಎಂಬುದಂತೂ ಅಪಾಯದ ಮಾತು. ಬಿ6 ಅತಿಯಾಗಿ ತಿಂಗಳುಗಟ್ಟಲೆ ಒಳಹೋದರೆ ನರಗಳಿಗೇ ಪೆಟ್ಟು, ಕೈಕಾಲು ಜೋಮು.

ವಾರಗಟ್ಟಲೆ ಸುಸ್ತಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷೆಯಾಗಲಿ. ಅತ್ತೆಯವರ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಅವರಿಗೆ ಬೇಕಿದ್ದದ್ದು ಕಬ್ಬಿಣಾಂಶ.