ಕಂಚಿನ ಆಚೆಗೂ ಬರೆಯಬೇಕಿತ್ತು

ವೇಟ್‌ಲಿಫ್ಟರ್ ಕರ್ಣಂ ಮಲ್ಲೇಶ್ವರಿಯವರ ಕುರಿತು ನಾನು ಓದಿದ ಲೇಖನ 2000ರ ಸಿಡ್ನಿ ಒಲಿಂಪಿಕ್ಸ್‌ನ ಕಂಚಿನ ಪದಕಕ್ಕೇ ನಿಂತುಬಿಟ್ಟಿದೆ. ಅದನ್ನಾದರೂ ಪೂರ್ತಿ ಹೇಳಬಾರದೇ? ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆಯ ಮೇಲೆತ್ತುವುದು) 110, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ) 130, ಒಟ್ಟು 240 ಕೆ.ಜಿ. ಚಿನ್ನ ಹೋದದ್ದು 242.5ಕ್ಕೆ. ಕೊನೆಯ ಯತ್ನದಲ್ಲಿ ಅವರು 137.5 ಕೆ.ಜಿ.ಗೆ ಕೈಹಾಕಿ ಸೋತರು. 130ರಿಂದ ಒಮ್ಮೆಲೇ ಅಷ್ಟು ತೂಕ ಏರಿಸುವುದನ್ನು ಯಾರು ನಿರ್ಧರಿಸಿದರೋ, ನನಗಂತೂ ಇಂದಿಗೂ ಸಿಟ್ಟಿದೆ! ಆಮೇಲೆ ಹರಿಯಾಣದ ಯಮುನಾನಗರದಲ್ಲಿ ಅಕಾಡೆಮಿ ಕಟ್ಟಿ ಮಕ್ಕಳನ್ನು ತಯಾರು ಮಾಡಿದರು, 2021ರಲ್ಲಿ ದೆಹಲಿ ಕ್ರೀಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಭಾರ ಎತ್ತಿದವರೇ ಕುರ್ಚಿಯಲ್ಲಿ ಕೂರುವುದು ನಮ್ಮಲ್ಲಿ ಅಪರೂಪ. ಪಕ್ಕದ ಕುಂದಾಪುರದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಪದಕ ತಂದರು. ಇಂಥವರನ್ನು ನಮ್ಮ ಕಾರವಾರದ ಮಾಲಾದೇವಿ ಮೈದಾನಕ್ಕೆ ಕರೆಸುವುದಾದರೆ ಹಾರ ಹಾಕಿ ಕಳುಹಿಸಬೇಡಿ, ಒಂದು ವಾರ ಮಕ್ಕಳಿಗೆ ಪಾಠ ಹೇಳಿಸಿ.