ಎಂಜಿನ್ನಿಗೆ ನಾನು ತೋರಿದ ಕರುಣೆ

ಎಂಜಿನ್ ಜೋರಾಗಿ ಕೂಗಿತೆಂದರೆ ಅದಕ್ಕೆ ನೋವಾಗುತ್ತಿದೆ ಎಂದೇ ಅರ್ಥ ಎಂಬ ನಂಬಿಕೆಯಲ್ಲಿ ನಾನು ಹಲವು ವರ್ಷ ಕಾರು ಓಡಿಸಿದ್ದೇನೆ. ಆ ಕರುಣೆಯ ಭರದಲ್ಲಿ ಒಮ್ಮೆ ಕಡಿದಾದ ಬೆಟ್ಟದ ರಸ್ತೆಯೊಂದನ್ನು, ಎಂಜಿನ್ ನಿಮಿಷಕ್ಕೆಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 1,200ರ ಗೆರೆ ದಾಟದಂತೆ ಕಾಯುತ್ತ, ನಾಲ್ಕನೆಯ ಗೇರಿನಲ್ಲೇ ಏರತೊಡಗಿದೆ. ಕಾರು ನಡುಗಿತು, ಸ್ಟೀರಿಂಗ್ ನಡುಗಿತು, ಹಿಂದಿನ ಸೀಟಿನಲ್ಲಿದ್ದ ಭಾವನವರ ದನಿಯೂ ನಡುಗಿತು.

"ಗೇರ್ ಇಳಿಸಬಾರದೇ?" ಎಂದರು.

"ಎಂಜಿನ್ನಿಗೆ ಆಯಾಸವಾಗುತ್ತದೆ, ಭಾವ" ಎಂದೆ. ಆಕ್ಸಿಲರೇಟರನ್ನು ಆಗಲೇ ಪೂರ್ತಿ ತುಳಿದಾಗಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಆಯಿಲ್ ಪಂಪನ್ನು ತಿರುಗಿಸುವುದು ಆ ಎಂಜಿನ್ನೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಎಂಜಿನ್ ನಿಧಾನವಾದರೆ ಪಂಪೂ ನಿಧಾನ, ಆಯಿಲಿನ ಒತ್ತಡವೂ ಕಡಿಮೆ; ನಿಮಿಷಕ್ಕೆ 1,000 ಸುತ್ತಿಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಹಳೆಯ ಮೆಕ್ಯಾನಿಕ್‌ಗಳ ಬಾಯಿಲೆಕ್ಕ. ಏರಿನಲ್ಲಿ ಪಿಸ್ಟನ್‌ಗಳ ಹೊಡೆತ ಬೇರಿಂಗುಗಳ ಮೇಲೆ ಹೆಚ್ಚಾಗಿ ಬೀಳುವ ಹೊತ್ತಿನಲ್ಲೇ, ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಲ್ಲುವ ಆಯಿಲ್ ಪದರವನ್ನು ನಾನು ಕೈಯಾರೆ ತೆಳುವಾಗಿಸುತ್ತಿದ್ದೆ. ಸಾಲದ್ದಕ್ಕೆ ಕಾದ ಆಯಿಲ್ ತಾನಾಗಿಯೇ ನೀರಾಗಿತ್ತು.

ಹೇರ್‌ಪಿನ್ ತಿರುವೊಂದರಲ್ಲಿ ಕಾರು ಇನ್ನೇನು ನಿಂತೇಹೋಗುತ್ತದೆ ಎನ್ನುವಾಗ ಮೀಟರ್ ಫಲಕದಲ್ಲಿ, ಮೂತಿಯಿಂದ ಹನಿಯೊಂದು ತೊಟ್ಟಿಕ್ಕುವ ಗಿಂಡಿಯಂಥ ಕೆಂಪು ಚಿತ್ರ ಮಿನುಗಿ ಆರಿತು.

"ಅದೇನ್ರೀ ಗಿಂಡಿ?" ಎಂದು ಹೆಂಡತಿ ಕೇಳಿದಳು.

"ಬಾಯಾರಿಕೆಯಾದವರು ಇಳಿಯಬಹುದು ಅಂತ" ಎಂದು ನಾನು ಹಾಸ್ಯ ಮಾಡಿದ್ದು ಈಗಲೂ ಮನೆಯಲ್ಲಿ ಆಗಾಗ ನೆನಪಿಸಲ್ಪಡುತ್ತದೆ. ಅನೇಕ ಕಾರುಗಳಲ್ಲಿ ಆಯಿಲಿನ ಒತ್ತಡ ಅರ್ಧ ಬಾರ್‌ಗಿಂತಲೂ, ಅಂದರೆ ಸುಮಾರು 7 ಪಿಎಸ್‌ಐಗಿಂತಲೂ, ಕೆಳಗಿಳಿದ ಮೇಲಷ್ಟೇ ಆ ದೀಪ ಹೊತ್ತಿಕೊಳ್ಳುವುದರಿಂದ, ಅದನ್ನು ಸೂಚನೆ ಎನ್ನುವುದಕ್ಕಿಂತ ಆಕ್ರಂದನ ಎನ್ನುವುದೇ ಸರಿ.

ದೀಪ ಎರಡನೆಯ ಸಲ ಮಿನುಗಿದಾಗ ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸಿದೆ. ಅಂದು ನಾನು ಮಾಡಿದ ಏಕೈಕ ಬುದ್ಧಿವಂತಿಕೆಯ ಕೆಲಸ ಅದು. ಮರುಗಳಿಗೆಯಲ್ಲೇ, ಮೂತಿ ಆಕಾಶಕ್ಕೆ ಎತ್ತಿ ನಿಂತಿದ್ದ ಕಾರಿನಿಂದ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದೆ. ತುದಿಯಲ್ಲಿ ಹನಿಯೂ ಇರಲಿಲ್ಲ. ಎಂಜಿನ್ನಿನ ಅಡಿಯ ತೊಟ್ಟಿಯಾದ ಸಂಪಿನಲ್ಲಿದ್ದ ಆಯಿಲೆಲ್ಲ ಇಳಿಜಾರಿಗೆ ಹಿಂದಕ್ಕೆ ಸರಿದು ಕುಳಿತಿದೆ ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು? ಡಿಕ್ಕಿಯಲ್ಲಿದ್ದ ಒಂದು ಲೀಟರಿನ ಬಾಟಲಿಯನ್ನು ಕೊನೆಯ ತೊಟ್ಟಿನವರೆಗೆ ಸುರಿದುಬಿಟ್ಟೆ.

ಬೆಟ್ಟದ ಮೇಲಿನ ಸಮತಟ್ಟಿನಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಅಳೆದರೆ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಅಲ್ಲಿದ್ದ ಮೆಕ್ಯಾನಿಕ್ ಅದನ್ನು ನೋಡಿ, ಬಳಿಕ ನನ್ನನ್ನು ನೋಡಿದ. "ಕೆಳಗೆ ಉಪವಾಸ ಕೆಡವಿದಿರಿ, ಮಧ್ಯದಲ್ಲಿ ಕಂಠಪೂರ್ತಿ ಕುಡಿಸಿದಿರಿ" ಎಂದ. ಆಯಿಲ್ ಮಿತಿಮೀರಿದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ ಅದನ್ನು ಕಡೆದು ನೊರೆಯೆಬ್ಬಿಸುತ್ತದೆಯಂತೆ, ಪಂಪು ನೊರೆ ಎಳೆದರೆ ಒತ್ತಡ ಮತ್ತೆ ಕುಸಿಯುತ್ತದೆಯಂತೆ. ಅಂದರೆ ನನ್ನ ಔಷಧವೇ ಹೊಸದೊಂದು ರೋಗವಾಗುವುದರಲ್ಲಿತ್ತು.

ನಮ್ಮಂಥ ಪೆಟ್ರೋಲ್ ಕಾರಿಗೆ ಏರಿನಲ್ಲಿ 2,500ರಿಂದ 3,500 ಸುತ್ತು ಹಿತವೆಂದೂ, ಮುಳ್ಳನ್ನು ಟ್ಯಾಕೋಮೀಟರಿನ ಕೆಂಪು ಗೆರೆಯ ಹತ್ತಿರ ಬಹಳ ಹೊತ್ತು ನಿಲ್ಲಿಸಬಾರದೆಂದೂ ಅವನು ವಿವರಿಸಿದ. "ಆಕ್ಸಿಲರೇಟರ್ ತುಳಿದರೂ ವೇಗ ಏರಲಿಲ್ಲ ಅಂದರೆ ಮುಳ್ಳು ನೋಡಬೇಡಿ, ಗೇರ್ ಇಳಿಸಿ" ಎಂದ. ಭಾವನವರು ಏನೂ ಅನ್ನಲಿಲ್ಲ, ಕೆಮ್ಮಿದರು, ಅಷ್ಟೇ.

ಹೆಚ್ಚಾದ ಆಯಿಲನ್ನು ಅವನು ಕೆಳಗಿನ ಬೋಲ್ಟ್ ಸಡಿಲಿಸಿ, ನಾನು ಬರಿದುಮಾಡಿದ್ದ ಅದೇ ಬಾಟಲಿಗೆ ಇಳಿಸಿಕೊಟ್ಟ. ಮುಂದಿನ ಏರನ್ನು ಎರಡನೆಯ ಗೇರಿನಲ್ಲಿ, 3,000 ಸುತ್ತಿನಲ್ಲಿ, ಎಂಜಿನ್ ಬೊಬ್ಬೆ ಹೊಡೆಯುತ್ತಿದ್ದಂತೆಯೇ ಹತ್ತಿದೆವು. ನನಗೆ ಕರುಳು ಚುರ್ರೆನ್ನುತ್ತಿತ್ತು. ಭಾವನವರು ಮುಕ್ಕಾಲು ತುಂಬಿದ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು.