ರೌಂಡ್ ಸೀಲ್ ಎಲ್ಲಿದೆ ಸ್ವಾಮಿ?

ಒಂದು ಬಿಲ್ಲಿಗೋಸ್ಕರ ಇವತ್ತು ಮೂರನೇ ಸಲ ಬರಿಗೈಲಿ ವಾಪಸ್ ಬಂದೆ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ಕಚೇರಿ ಯಾವುದು ಅಂತ ಹೇಳುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಅವರ ಬೋರಿಗೆ ನಮ್ಮ ಅಂಗಡಿಯಿಂದ ಮೋಟರ್, ಕೇಬಲ್, ಪ್ಯಾನಲ್ ಬೋರ್ಡ್ ಕೊಟ್ಟಿದ್ದೆ. ಮಾಲು 35,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 6,300, ಒಟ್ಟು 41,300 ರೂಪಾಯಿ. ಮೋಟರ್ ಇಳಿಸಿದ ದಿನ ಬೋರಿನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಬಿಲ್ ಮಾಡಿದೆ. ನೀರು ಮೇಲೆ ಬರುವಷ್ಟರಲ್ಲಿ ಬಿಲ್ಲು ಅವರ ವಾಟ್ಸಾಪಿಗೆ ಬಿದ್ದಿತ್ತು. ನಮ್ಮ ಹುಡುಗ "ಅಣ್ಣ, ಸೂಪರ್" ಅಂದ. ನನಗೂ ಹಾಗೇ ಅನ್ನಿಸಿತ್ತು.

ಮೊದಲ ಸಲ ಹೋದಾಗ "ಮೊಬೈಲಲ್ಲಿ ಇರೋದು ನಮಗೆ ಬರಲ್ಲ, ಪ್ರಿಂಟ್ ತನ್ನಿ" ಅಂದರು. ತಂದೆ. ಎರಡನೇ ಸಲ "ಒಂದು ಸಾಲದು, ಮೂರು ಕಾಪಿ ಬೇಕು, ಮೂರಕ್ಕೂ ಸಹಿ ಹಾಕಿ" ಅಂದರು. ಹಾಕಿದೆ. ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿಯನ್ನೂ ಕೇಳಿದರು. ಕೊಟ್ಟೆ. 5,000 ದಾಟಿದರೆ 1 ರೂಪಾಯಿ ಸ್ಟಾಂಪು, ಅದಾದರೂ ಕಾನೂನಿನಲ್ಲಿದೆ.

ಇವತ್ತು ಕ್ಲರ್ಕ್ ಮೂರೂ ಹಾಳೆಯನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. 500ರ ನೋಟು ಅಸಲಿಯೋ ನಕಲಿಯೋ ನೋಡುತ್ತಾರಲ್ಲ, ಹಾಗೆ. ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನಿರುತ್ತೆ, ಬಿಳಿ ಹಾಳೆ. ಕನ್ನಡಕ ಹಣೆಗೆ ಏರಿಸಿ ಕೇಳಿದರು.

"ರೌಂಡ್ ಸೀಲ್ ಎಲ್ಲಿದೆ ಸ್ವಾಮಿ?"

"ಸಾರ್, ಇದು ಮೊಬೈಲಲ್ಲಿ ಮಾಡಿದ ಬಿಲ್ಲು. ಸೀಲ್ ಬೇಕಾಗಲ್ಲ."

"ಮೊಬೈಲಲ್ಲಾದ್ರೂ ಮಾಡಿ, ಕಂಪ್ಯೂಟರಲ್ಲಾದ್ರೂ ಮಾಡಿ. ಸೀಲ್ ಇಲ್ದೆ ಇದು ಬಿಲ್ಲು ಹೆಂಗಾಗುತ್ತೆ? ಯಾರು ಬೇಕಾದ್ರೂ ಟೈಪ್ ಮಾಡ್ಕೊಂಡು ಬರಬಹುದಲ್ವಾ?"

ಸೀಲನ್ನೂ ಯಾರು ಬೇಕಾದರೂ ಮಾಡಿಸಬಹುದು ಸಾರ್, ಬಸ್‌ಸ್ಟ್ಯಾಂಡ್ ಎದುರಿಗೆ, ಅರ್ಧ ಗಂಟೆಯಲ್ಲಿ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. 41,300 ರೂಪಾಯಿ ಅವರ ಕೈಯಲ್ಲಿ ಇರುವಾಗ ನನ್ನ ಬಾಯಿ ಬಹಳ ಚಿಕ್ಕದು.

ಎರಡನೇ ಸಲ ವಾಪಸ್ ಬಂದ ರಾತ್ರಿಯೇ ಕೂತು ಓದಿದ್ದೆ. ನಾನು ವಕೀಲನಲ್ಲ, ಆಡಿಟರೂ ಅಲ್ಲ. ಆದರೆ ಕೋಪ ಬಂದರೆ ಏನು ಬೇಕಾದರೂ ಓದುತ್ತೇನೆ. ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಜಿಎಸ್‌ಟಿಯ 46ನೇ ನಿಯಮದಲ್ಲಿ ಪಟ್ಟಿಯೇ ಇದೆ. ಮಾರುವವನ ಹೆಸರು, ವಿಳಾಸ, ಜಿಎಸ್‌ಟಿ ನಂಬರ್. ಒಂದರ ಹಿಂದೆ ಒಂದು ಬರುವ ಬಿಲ್ ನಂಬರ್, ಅದೂ 16 ಅಕ್ಷರ ಮೀರಬಾರದು. ತಾರೀಕು, ಮಾಲು ಯಾವ ಬಗೆಯದು ಅಂತ ಹೇಳುವ ಎಚ್‌ಎಸ್‌ಎನ್ ಕೋಡ್, ಎಷ್ಟು ಮಾಲು, ಎಷ್ಟು ದರ, ಎಷ್ಟು ತೆರಿಗೆ. ಕೊನೆಗೆ ಸಹಿ. ಸೀಲ್ ಅನ್ನುವ ಮಾತೇ ಇಲ್ಲ. ರೌಂಡೂ ಇಲ್ಲ, ಚೌಕವೂ ಇಲ್ಲ. ತಮಾಷೆ ಏನು ಗೊತ್ತಾ, 2018ರ ಕೊನೆಯಲ್ಲಿ ಒಂದು ತಿದ್ದುಪಡಿ ಬಂದಿದೆ. 2000ದ ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಎಲೆಕ್ಟ್ರಾನಿಕ್ ಆಗಿ ಕೊಟ್ಟ ಬಿಲ್ಲಿಗೆ ಸಹಿಯೂ ಬೇಡ. ಅಂದರೆ ಸರ್ಕಾರ ಸಹಿಯನ್ನೇ ಬಿಟ್ಟಿದೆ. ಇವರು ಸೀಲ್ ಬಿಡುತ್ತಿಲ್ಲ.

ನಿಮಗೆಲ್ಲ ಗೊತ್ತು, ನಾನು ಸುಮ್ನೆ ಶೋಕಿಗೆ ಮೊಬೈಲ್ ಬಿಲ್ಲಿಗೆ ಹೋದವನಲ್ಲ. ನನ್ನನ್ನು ಅಲ್ಲಿಗೆ ಓಡಿಸಿದ್ದು ಗೆದ್ದಲು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಪ್ರೆಸ್ಸಿನವರ ಹತ್ತಿರ ಬಿಲ್ ಬುಕ್ ಮಾಡಿಸಿದ್ದೆ. ಬಿಳಿ ಹಾಳೆ ಗಿರಾಕಿಗೆ, ಗುಲಾಬಿ ಗಾಡಿಯವನಿಗೆ, ಹಳದಿ ನಮಗೆ. ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆಯಬೇಕು. ಸಂಜೆ ಹೊತ್ತಿಗೆ ಬೆರಳೆಲ್ಲ ನೀಲಿ. ಆ ಹಳದಿ ಪುಸ್ತಕಗಳನ್ನು 72 ತಿಂಗಳು ಜೋಪಾನ ಮಾಡಬೇಕು, ಅದೂ ಆ ವರ್ಷದ ರಿಟರ್ನ್ ಕೊಡುವ ಕಡೇ ತಾರೀಕಿನಿಂದ ಲೆಕ್ಕ. ಮಾಡಿದೆ. ಗೋಣಿಚೀಲಕ್ಕೆ ತುಂಬಿ ಗೋಡೌನಿನಲ್ಲಿ ಪಿವಿಸಿ ಪೈಪಿನ ಹಿಂದೆ ಇಟ್ಟೆ. ಒಂದು ದಿನ ಎಲ್ಬೋ ಹುಡುಕಲು ಚೀಲ ಎತ್ತಿದರೆ ಹಗುರ. ಒಳಗೆ ಕೈ ಹಾಕಿದೆ. ಮಣ್ಣು. ಪುಸ್ತಕದ ರಟ್ಟು ಮಾತ್ರ ಉಳಿದಿತ್ತು. ರಟ್ಟಿನ ಮೇಲೆ ನಮ್ಮ ಸೀಲ್ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕ್ಲರ್ಕಿಗೆ ಅಷ್ಟೇ ಸಾಕಾಗಿತ್ತೇನೋ!

ಇನ್ನೊಂದು. 2022ರ ಜುಲೈ 18ಕ್ಕೆ ಮೋಟರ್ ಪಂಪಿನ ಜಿಎಸ್‌ಟಿ 12ರಿಂದ 18ಕ್ಕೆ ಏರಿತು. ಕೈ ಅಭ್ಯಾಸ ನೋಡಿ, ನಾಲ್ಕು ಮೋಟರಿಗೆ ಹಳೇ 12ನ್ನೇ ಬರೆದುಬಿಟ್ಟೆ. ರೈತರ ಹತ್ತಿರ ಹೋಗಿ ಇನ್ನಾರು ಪರ್ಸೆಂಟ್ ಕೊಡಿ ಅನ್ನುವ ಮುಖ ನನಗಿಲ್ಲ. ಕೈಯಿಂದ ಕಟ್ಟಿದೆ. ಅದೇ 2025ರ ಸೆಪ್ಟೆಂಬರ್ 22ರಂದು ಡ್ರಿಪ್ ಸಾಮಾನು 12ರಿಂದ 5ಕ್ಕೆ ಇಳಿದಾಗ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ದರ ಬದಲಾಯಿಸಿದೆ. ಕಾಫಿ ಆರಿರಲಿಲ್ಲ.

ಹೀಗಿರುವಾಗ ಸೀಲ್ ಬೇಕಂತೆ.

ಪಕ್ಕದ ಅಂಗಡಿಯವರ ವಾದ ಬೇರೆ ಇದೆ. "ಎಲ್ಲಾ ಮೊಬೈಲಿಗೆ ಹಾಕಿದ್ರೆ ಇಲಾಖೆಗೆ ಕಾಣುತ್ತೆ ಕಣಯ್ಯಾ. ಕಳೆದ ಸಲ ಏನಾಯ್ತು ನೋಡಿಲ್ವಾ?" ನೋಡಿದ್ದೇನೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟರು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಬೋರ್ಡ್ ಹಾಕಿದರು. ಸರಿ, ಆದರೆ ಅಲ್ಲಿ ಕಾಣಿಸಿದ್ದು ಬಿಲ್ಲಲ್ಲ, ದುಡ್ಡು. ಖಾತೆಗೆ ಬಂದಿದ್ದರಲ್ಲಿ ತೆರಿಗೆ ಇಲ್ಲದ ಹಾಲೆಷ್ಟು, ತೆರಿಗೆ ಇರುವ ಸಿಗರೇಟೆಷ್ಟು, ಭಾವಮೈದ ವಾಪಸ್ ಕೊಟ್ಟ ಕೈಸಾಲ ಎಷ್ಟು? ಬಿಲ್ಲಿದ್ದಿದ್ದರೆ ಬಿಡಿಸಿ ತೋರಿಸಬಹುದಿತ್ತು. ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕಿನ ಕತೆ ಇದು. ಮುಂದಕ್ಕೆ ಹೋಗೋಣ.

ಫೋನ್ ಹಾಳಾದರೆ? ಅಂತ ಕೇಳುವವರಿದ್ದಾರೆ. ಇದಕ್ಕೆ ಮಾತ್ರ ಸ್ವಲ್ಪ ತಲೆ ತಗ್ಗಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ನನ್ನ ಫೋನು ಗಿರಾಕಿಯ ತೋಟದ ತೊಟ್ಟಿಗೆ ಬಿತ್ತು. ಬ್ಯಾಕಪ್ ಆನ್ ಮಾಡಿರಲಿಲ್ಲ. ಎಲ್ಲರಿಗೂ ಪೇಪರ್‌ಲೆಸ್ ಪಾಠ ಹೇಳುವ ಮಹಾಶಯ, ಬ್ಯಾಕಪ್ ಆನ್ ಮಾಡಿರಲಿಲ್ಲ! ಒಂಬತ್ತು ದಿನದ ಬಿಲ್ಲು ನೀರುಪಾಲು. ಹೆಂಡತಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ನೋವು.

ಆದರೆ ಬಿಲ್ಲುಗಳು ಎಲ್ಲಿದ್ದವು ಹೇಳಿ? ಗಿರಾಕಿಗಳ ವಾಟ್ಸಾಪಿನಲ್ಲಿ. ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. ಒಬ್ಬರು ಅಜ್ಜ, ತೆಂಗಿನ ತೋಟದವರು, ನಾನು ಕಳಿಸಿದ ಯಾವ ಬಿಲ್ಲನ್ನೂ ಬಿಚ್ಚಿಯೇ ನೋಡಿರಲಿಲ್ಲ. "ನೀನು ಬಾಯಲ್ಲಿ ಹೇಳಿದ ಮೇಲೆ ಮುಗೀತಲ್ಲಪ್ಪಾ" ಅಂದರು. ಅವರ ಮೊಮ್ಮಗಳು ಹುಡುಕಿ ಎಲ್ಲವನ್ನೂ ವಾಪಸ್ ಕಳಿಸಿದಳು. ಎರಡು ದಿನದಲ್ಲಿ ಒಂಬತ್ತೂ ದಿನದ ಲೆಕ್ಕ ಕೂಡಿತು. ಗೆದ್ದಲಿನ ಹತ್ತಿರ ಹೀಗೆ ಕೇಳಿ ಪಡೆಯಲು ಆಗುತ್ತಿತ್ತಾ?

ಎಲ್ಲಾ ಚೆನ್ನಾಗಿದೆ ಅಂತಲೂ ಅಲ್ಲ. ಬಾಕಿ ಇರುವವರಿಗೆ ತಾನೇ ಮೆಸೇಜ್ ಕಳಿಸುವ ಒಂದು ಬಟನ್ ಬಿಲ್ ಮಾಡುವ ಆ್ಯಪಿನಲ್ಲಿದೆ. ಒತ್ತಿಬಿಟ್ಟೆ. ನಮ್ಮ ಕಡೆ ಕೊಬ್ಬರಿ ಕೊಟ್ಟ ಮೇಲೆ ದುಡ್ಡು ಅನ್ನುವುದು ಅಪ್ಪನ ಕಾಲದ ಮಾತು. ಹಾಗೆ ವ್ಯವಹಾರ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಬೆಳಗ್ಗೆ ಆರು ಗಂಟೆಗೆ "ನಿಮ್ಮ ಬಾಕಿ 8,260 ರೂಪಾಯಿ, ಕೂಡಲೇ ಪಾವತಿಸಿ" ಅಂತ ಹೋಯಿತು. ಹತ್ತು ಗಂಟೆಗೆ ಅವರು ಬಂದು ದುಡ್ಡು ಎಣಿಸಿ ಕೌಂಟರಿನ ಮೇಲಿಟ್ಟರು. ಕಾಫಿ ತರಿಸಿದೆ, ಕುಡಿಯಲಿಲ್ಲ. ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಮನೆಗೇ ಹೋಗಿ ತಪ್ಪಾಯ್ತು ಅಂದ ಮೇಲೆ ಸರಿಹೋದರು. ಆ ಬಟನ್ ಈಗ ಆಫ್. ಅಪ್ಪ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು.

ಅಪ್ಪನ ಲೆಕ್ಕದ ಪುಸ್ತಕ ಕೆಂಪು ಬಟ್ಟೆಯ ರಟ್ಟಿನದು. ಆಯುಧಪೂಜೆಗೆ ತಕ್ಕಡಿ, ಪೈಪ್ ರೆಂಚಿನ ಜೊತೆ ಅದಕ್ಕೂ ಅರಿಶಿನ ಕುಂಕುಮ. ಈಗ ಪುಸ್ತಕದ ಜಾಗದಲ್ಲಿ ಫೋನ್ ಇಡುತ್ತೇವೆ. ಕಳೆದ ಸಲ ನನ್ನ ಮಗಳು ಭಕ್ತಿ ಜಾಸ್ತಿಯಾಗಿ ಚಾರ್ಜಿಂಗ್ ತೂತಿಗೇ ಕುಂಕುಮ ತುಂಬಿದಳು. ಹಲ್ಲುಕಡ್ಡಿಯಲ್ಲಿ ತೆಗೆಯುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು.

ಸೀಲಿಗೆ ಬರುತ್ತೇನೆ. ನನ್ನ ಸಿಟ್ಟು ಕ್ಲರ್ಕ್ ಮೇಲೆ ಅಷ್ಟೊಂದಿಲ್ಲ. ನಾಳೆ ಆಡಿಟ್‌ನವರು ಅವರನ್ನು ಕೇಳುತ್ತಾರೆ, ಅವರಿಗೂ ಅವರ ಹೆದರಿಕೆ. ಸಿಟ್ಟು ಇರುವುದು ಬೇರೆ. ಜಿಎಸ್‌ಟಿ ನಂಬರ್ ತೆಗೆಯುವುದು ಆನ್‌ಲೈನ್, ರಿಟರ್ನ್ ಆನ್‌ಲೈನ್, ತೆರಿಗೆ ಕಟ್ಟುವುದು ಆನ್‌ಲೈನ್, ತಪ್ಪಾದರೆ ನೋಟಿಸೂ ಆನ್‌ಲೈನ್. ವರ್ಷದ ವಹಿವಾಟು 5 ಕೋಟಿ ದಾಟಿದವರು ಇನ್ನೊಬ್ಬ ಜಿಎಸ್‌ಟಿ ವ್ಯಾಪಾರಿಗೆ ಮಾಡುವ ಬಿಲ್ಲನ್ನು 2023ರ ಆಗಸ್ಟ್‌ನಿಂದ ಪೋರ್ಟಲ್ಲಿಗೇ ಹಾಕಬೇಕು. ನನ್ನದು ಅಷ್ಟು ದೊಡ್ಡ ಅಂಗಡಿ ಅಲ್ಲ ಬಿಡಿ. ಆದರೂ ನಾನು ಕೊಡುವುದೆಲ್ಲ ಆನ್‌ಲೈನ್ ಆಗಬೇಕು, ನನಗೆ ಬರಬೇಕಾದ ದುಡ್ಡು ಮಾತ್ರ ಸೀಲ್ ಒತ್ತಿದ ಕಾಗದದ ಮೇಲೆ ಬರಬೇಕು. ಇದು ಯಾವ ಸೀಮೆ ಪೇಪರ್‌ಲೆಸ್ಸು? ಕಾಗದ ಕಡಿಮೆಯಾಗಿಲ್ಲ. ಮೊದಲು ಅಂಗಡಿಯಲ್ಲಿ ಬರೆಯುತ್ತಿದ್ದೆ, ಈಗ ಜೆರಾಕ್ಸ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುತ್ತೇನೆ.

ಇಷ್ಟೆಲ್ಲ ಕೂಗಾಡಿದ್ದನ್ನು ಕೇಳಿಸಿಕೊಂಡ ಹೆಂಡತಿ ಅಡುಗೆಮನೆಯಿಂದ ಒಂದೇ ಮಾತು ಅಂದಳು. "ಮಿಕ್ಸಿ ತಂದಾಗ ವಾರಂಟಿ ಕಾರ್ಡಿಗೆ ಸೀಲ್ ಹಾಕಿಲ್ಲ ಅಂತ ಅರ್ಧ ದಾರಿಯಿಂದ ವಾಪಸ್ ಹೋಗಿದ್ದು ಯಾರು?"

ನಾನೇ. ಅಂಗಡಿ ಹುಡುಗ "ಬಿಲ್ಲು ನಿಮ್ಮ ಮೊಬೈಲಿಗೆ ಬಂದಿದೆಯಲ್ಲ ಸಾರ್" ಅಂದರೂ ಬಿಟ್ಟಿರಲಿಲ್ಲ. ಸೀಲ್ ಒತ್ತಿಸಿಕೊಂಡು, ಊದಿ ಒಣಗಿಸಿಕೊಂಡು ಬಂದಿದ್ದೆ. ಅದು ಬೇರೆ ವಿಷಯ. ವಾರಂಟಿ ಕಾರ್ಡಿನಲ್ಲಿ ಸೀಲಿಗೆ ಅಂತಲೇ ಒಂದು ಡಬ್ಬಿ ಇರುತ್ತದೆ. ಅಲ್ವಾ?

ಕೊನೆಗೆ ಸೋತೆ. ಅಂಗಡಿಯ ಡ್ರಾ ಎಲ್ಲಾ ತಡಕಾಡಿದೆ. ಹಳೇ ಸೀಲ್ ಸಿಕ್ಕಿತು. ಅದು ಚೌಕದ್ದು, ಮೇಲೆ ಜಿಎಸ್‌ಟಿಗೆ ಮುಂಚಿನ ವ್ಯಾಟ್ ತೆರಿಗೆ ಕಾಲದ ಟಿನ್ ನಂಬರ್. ಅದನ್ನು ಒತ್ತಿಕೊಂಡು ಹೋದರೆ ನಾಲ್ಕನೇ ಸಲವೂ ವಾಪಸ್ಸೇ. ಸಂಜೆ ಬಸ್‌ಸ್ಟ್ಯಾಂಡ್ ಎದುರಿನ ಸೀಲ್ ಮಾಡುವ ಹುಡುಗನ ಹತ್ತಿರ ಹೋಗಿ ರೌಂಡ್ ಸೀಲಿಗೆ ಹೇಳಿದೆ. ಇಂಕ್ ಪ್ಯಾಡ್ ಬೇಡದ, ಒತ್ತಿದರೆ ತಾನೇ ಅಚ್ಚಾಗುವ ಹೊಸ ನಮೂನೆಯದು. ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆ. ನನ್ನ ನಂಬರ್ ಕೇಳಿಕೊಂಡು ಮೊಬೈಲಿನಲ್ಲಿ ಏನೋ ಒತ್ತಿದ. ಟಿಂಗ್ ಅಂತು. ಪಿಡಿಎಫ್ ಬಿಲ್ಲು.

ಮೇಲಿಂದ ಕೆಳಗೆ ನೋಡಿದೆ. "ಏನಪ್ಪಾ, ಇದರಲ್ಲಿ ನಿನ್ನ ಸೀಲೇ ಇಲ್ವಲ್ಲ?"

ಅವನು ರಬ್ಬರ್ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದ. "ಮೊಬೈಲ್ ಬಿಲ್ಲು ಅಣ್ಣ. ಸೀಲ್ ಬೇಕಾಗಲ್ಲ."